ಬ್ರಹ್ಮನ ಹಣೆಯಲ್ಲಿ ಬರೆದವರು ಯಾರು?

ಯಳಂದೂರು ತಾಲ್ಲೂಕಿನ ಹೊನ್ನೂರು ನನ್ನ ಅಜ್ಜಿಯ ಊರು. ಚಿಕ್ಕಂದಿನಲ್ಲಿ ರಜೆಗೆಂದು ಅಲ್ಲಿಗೆ ಹೋದಾಗ ಅವಳ ಬಾಯಿಂದ ನಾನು ಅತಿ ಹೆಚ್ಚಾಗಿ ಕೇಳಿದ ಮಾತು ಒಂದೇ: ‘ಹಣೇಲಿ ಬರ್ದಂಗಾಯ್ತದ ಕಣಪ್ಪ.’ ಮಳೆ ಬಾರದಿದ್ದರೂ ಅದೇ ಮಾತು, ಹಸು ಸತ್ತರೂ ಅದೇ ಮಾತು. ಎಳೆಯ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡ ಆಕೆ ತನ್ನ ಬದುಕಿನ ಕಥೆಯನ್ನೂ ಆ ಒಂದು ವಾಕ್ಯದಲ್ಲೇ ಮುಗಿಸಿಬಿಡುತ್ತಿದ್ದಳು. ಆದರೆ ನೆಂಟರಿಷ್ಟರೆಲ್ಲ ಬೇಡವೆಂದಾಗಲೂ ಹಟ ಹಿಡಿದು ತನ್ನ ಮಗಳನ್ನು, ಎಂದರೆ ನನ್ನ ತಾಯಿಯನ್ನು, ಶಾಲೆಗೆ ಕಳುಹಿಸಿದವಳೂ ಅವಳೇ. ಹಣೆಬರಹವನ್ನು ಅಷ್ಟೊಂದು ನಂಬಿದವಳು ಹಣೆಬರಹಕ್ಕೆ ಎದುರಾಗಿ ನಡೆದುದು ಹೇಗೆ? ಬಹುಕಾಲ ಇದು ನನಗೆ ಒಗಟಾಗಿಯೇ ಉಳಿದಿತ್ತು. ಅದನ್ನು ಬಿಡಿಸಲು ನನಗೆ ನೆರವಾದುದು ಯಾವ ದರ್ಶನಗ್ರಂಥವೂ ಅಲ್ಲ. ಅವಳು ಜಾತ್ರೆಯ ಇರುಳುಗಳಲ್ಲಿ ಕೇಳುತ್ತಿದ್ದ ಹಾಡುಗಳು.

ಕೊಳ್ಳೇಗಾಲ, ಹನೂರು, ಯಳಂದೂರುಗಳ ಈ ಸೀಮೆ ಎರಡು ಮಹಾಕಾವ್ಯಗಳ ನೆಲ. ನೀಲಗಾರರು ತಂಬೂರಿ ಮೀಟಿ ಮಂಟೇಸ್ವಾಮಿಯನ್ನು ಹಾಡುತ್ತಾರೆ. ದೇವರಗುಡ್ಡರು ಕಂಸಾಳೆ ಹಿಡಿದು ಮಲೆಯ ಮಾದಪ್ಪನನ್ನು ಹಾಡುತ್ತಾರೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯವು 1997ರಲ್ಲಿ ಎರಡನ್ನೂ ಬೃಹತ್ ಸಂಪುಟಗಳಾಗಿ ಪ್ರಕಟಿಸಿದ ಮೇಲೆ ಓದುಬಲ್ಲವರಿಗೂ ಅವು ದೊರೆತಿವೆ.

ನೀಲಗಾರರ ಹಾಡಿನಲ್ಲಿ ಲೋಕ ಹುಟ್ಟುವ ಕಥೆಯೊಂದಿದೆ. ಹಾಡುವವರು ಬದಲಾದಂತೆ ಅದರ ವಿವರಗಳು ಬದಲಾಗುತ್ತವೆ. ಹಂದರ ಮಾತ್ರ ಇಷ್ಟು. ಎಲ್ಲೆಲ್ಲೂ ನೀರೇ ತುಂಬಿದ್ದ ಕಾಲದಲ್ಲಿ ಆದಿಶಕ್ತಿ ಹುಟ್ಟುತ್ತಾಳೆ. ಅವಳಿಂದ ಬ್ರಹ್ಮ, ವಿಷ್ಣು, ಮಹೇಶ್ವರರು ಹುಟ್ಟುತ್ತಾರೆ. ತನ್ನನ್ನು ಮದುವೆಯಾಗೆಂದು ಆಕೆ ಒಬ್ಬೊಬ್ಬನನ್ನೂ ಕೇಳುತ್ತಾಳೆ. ಹೆತ್ತ ತಾಯಿ ನೀನು, ಆಗದು ಎನ್ನುತ್ತಾನೆ ಬ್ರಹ್ಮ, ಉರಿದು ಬೂದಿಯಾಗುತ್ತಾನೆ. ವಿಷ್ಣುವಿನ ಉತ್ತರವೂ ಅದೇ, ಗತಿಯೂ ಅದೇ. ಮಹೇಶ್ವರನು ಒಪ್ಪಿದಂತೆ ನಟಿಸಿ, ಅವಳ ಉರಿಯ ಶಕ್ತಿಯನ್ನು ಉಪಾಯದಿಂದ ಪಡೆದು, ಅದರಿಂದಲೇ ಅವಳನ್ನು ಗೆದ್ದು, ಅಣ್ಣಂದಿರನ್ನು ಬದುಕಿಸಿಕೊಳ್ಳುತ್ತಾನೆ.

ಇಲ್ಲಿ ಬೂದಿಯಾದ ಬ್ರಹ್ಮ ಯಾರು? ನಮ್ಮ ನಿಮ್ಮೆಲ್ಲರ ಹಣೆಯ ಮೇಲೆ ಬರೆಯುವವನೆಂದು ನಾವು ನಂಬಿಕೊಂಡು ಬಂದವನು. ಅವನ ಹಣೆಯಲ್ಲಿ ಬರೆದವರು ಯಾರು? ಆಗಿನ್ನೂ ಲಿಪಿಯಿಲ್ಲ, ಶಾಸ್ತ್ರವಿಲ್ಲ, ತಾಯಿಯನ್ನು ವರಿಸಬಾರದೆಂಬ ಕಟ್ಟಳೆಯೂ ಇಲ್ಲ. ಹಾಗಿದ್ದೂ ಅವನು ‘ಇಲ್ಲ’ ಎಂದ. ಈ ಕಥೆಯ ಪ್ರಕಾರ ಲೋಕದಲ್ಲಿ ಬ್ರಹ್ಮಲಿಪಿಗಿಂತ ಮೊದಲು ಹುಟ್ಟಿದ್ದು ನಿರಾಕರಣೆ. ಸೃಷ್ಟಿಸಿದ ಶಕ್ತಿಗೂ ತಾನು ಸೃಷ್ಟಿಸಿದವನ ಒಪ್ಪಿಗೆಯನ್ನು ಕೇಳಿಯೇ ಪಡೆಯಬೇಕಾಯಿತು. ಸುಡುವ ಬಲ ಅವಳಿಗಿತ್ತು; ಹೂಂ ಎನ್ನಿಸುವ ಬಲವಿರಲಿಲ್ಲ.

ಮುಂದಿನ ಮನುಷ್ಯರ ಕಥೆಗಳಲ್ಲೂ ಇದೇ ನಡೆಯುತ್ತದೆ. ನಿಡುಘಟ್ಟದ ಕಮ್ಮಾರರ ಮನೆಯ ಕೆಂಪಣ್ಣನನ್ನು ತನ್ನ ಶಿಶುಮಗನನ್ನಾಗಿ ಪಡೆಯಲು ಮಂಟೇಸ್ವಾಮಿ ಬಯಸುತ್ತಾನೆ. ಜಗತ್ತಿನ ಒಡೆಯನೆಂದು ಹಾಡಿಸಿಕೊಂಡವನು ಒಂದು ಹುಡುಗನಿಗಾಗಿ ಬಾಗಿಲಲ್ಲಿ ನಿಂತು ಭಿಕ್ಷೆ ಬೇಡಬೇಕಾಗುತ್ತದೆ. ಮನೆಯವರು ಕೊಡುವುದಿಲ್ಲ. ಹುಡುಗನು ಪಟ್ಟ ಪಾಡು ಹೇಳತೀರದು. ಕಡೆಗೆ ಅವನು ಒಪ್ಪಿ ಸಿದ್ದಪ್ಪಾಜಿಯಾಗುತ್ತಾನೆ, ಹಲಗೂರಿನ ಪಾಂಚಾಲರಿಂದ ಕಬ್ಬಿಣದ ಭಿಕ್ಷೆ ತರುತ್ತಾನೆ, ಚಿಕ್ಕಲ್ಲೂರಿನಲ್ಲಿ ನೆಲೆಸುತ್ತಾನೆ.

ಮಾದೇಶ್ವರನ ಕಾವ್ಯದ ಸಂಕಮ್ಮನದು ಇನ್ನೂ ಗಟ್ಟಿಯಾದ ‘ಇಲ್ಲ’. ಗಂಡ ಸೋಲಿಗರ ನೀಲೇಗೌಡ ಜೇನು ಬೇಟೆಗೆ ಹೊರಡುವ ಮುನ್ನ, ತಾನಿಲ್ಲದಾಗ ಶೀಲ ತಪ್ಪುವುದಿಲ್ಲವೆಂದು ಬಲಗೈ ಭಾಷೆ ಕೊಡು ಎನ್ನುತ್ತಾನೆ. ಅವಳು ತಪ್ಪಿದವಳಲ್ಲ, ತಪ್ಪುವವಳೂ ಅಲ್ಲ. ಆದರೂ ಭಾಷೆ ಕೊಡುವುದಿಲ್ಲ. ಅದಕ್ಕಾಗಿ ಕಾಡಿನಲ್ಲಿ ಕಟ್ಟಿಹಾಕಿಸಿಕೊಂಡು ನರಳುತ್ತಾಳೆ. ಮಾದಪ್ಪ ಬರುವುದು ಅಲ್ಲಿಗೆ. ಬಂಜೆಯೆಂಬ ಹೆಸರು ಹೊತ್ತವಳು ಅವನ ವರದಿಂದ ಕಾರಯ್ಯ, ಬಿಲ್ಲಯ್ಯರೆಂಬ ಅವಳಿಮಕ್ಕಳನ್ನು ಪಡೆಯುತ್ತಾಳೆ. ಹಣೆಯಲ್ಲಿಲ್ಲವೆಂದು ಲೋಕ ಹೇಳಿದ್ದು ಬಾಗಿದ ತಲೆಗೆ ದೊರೆಯಲಿಲ್ಲ. ಬಾಗದ ತಲೆಗೆ ದೊರೆಯಿತು.

ಇದೆಲ್ಲ ದೇವರ ಲೀಲೆಯಲ್ಲವೆ, ಮೊದಲೇ ನಿಶ್ಚಯವಾದ ಪರೀಕ್ಷೆಯಲ್ಲವೆ ಎಂದು ನೀವು ಕೇಳಬಹುದು. ಇರಬಹುದು. ಆದರೆ ಹಾಡನ್ನು ಕೇಳುತ್ತ ಕುಳಿತ ತಾಯಂದಿರು ಲೀಲೆಗಾಗಿ ಕಣ್ಣೀರಿಡುವುದಿಲ್ಲ. ಹಗ್ಗದಲ್ಲಿ ನರಳುವ ಹೆಣ್ಣಿಗಾಗಿ ಕಣ್ಣೀರಿಡುತ್ತಾರೆ. ಬಡತನವೂ ಕೀಳುಜಾತಿಯೂ ನಿಮ್ಮ ಹಣೆಯ ಬರಹವೆಂದು ತಲೆಮಾರುಗಳಿಂದ ಹೇಳಿಸಿಕೊಂಡ ಜನವೇ ಈ ಹಾಡುಗಳನ್ನು ಕಾಪಾಡಿಕೊಂಡು ಬಂದಿದೆ. ವಿಧಿಯನ್ನು ಇತರರಿಗೆ ಬೋಧಿಸುವುದು ಸುಲಭ. ಹೊತ್ತವರಿಗೆ ಗೊತ್ತು, ಅದರಲ್ಲಿ ಎಷ್ಟು ದೇವರ ಬರಹ, ಎಷ್ಟು ನೆರೆಯವರ ಬರಹವೆಂಬುದು.

ಸ್ವಾತಂತ್ರ್ಯಕ್ಕೆ ಬೆಲೆಯಿಲ್ಲವೆಂದು ಈ ಕಾವ್ಯಗಳು ಎಲ್ಲಿಯೂ ಹೇಳುವುದಿಲ್ಲ. ‘ಇಲ್ಲ’ ಎಂದ ಬ್ರಹ್ಮನು ಬೂದಿಯಾದ, ಸಂಕಮ್ಮ ಹಗ್ಗ ಕಂಡಳು. ಬಂದೊದಗುವುದು ನಮ್ಮ ಕೈಯಲ್ಲಿಲ್ಲ. ಅದಕ್ಕೆ ಕೊಡುವ ಉತ್ತರ ನಮ್ಮದು, ಅದರ ಬೆಲೆಯೂ ನಮ್ಮದು. ನನ್ನ ಅಜ್ಜಿ ಆ ಲೆಕ್ಕವನ್ನು ಬಲ್ಲವಳಾಗಿದ್ದಳೆಂದು ಈಗ ತೋರುತ್ತದೆ. ಗಂಡನ ಸಾವು ಬರೆದದ್ದು ಎಂದು ಒಪ್ಪಿದಳು. ಮಗಳ ಅಜ್ಞಾನವನ್ನು ಮಾತ್ರ ಬರೆದದ್ದೆಂದು ಒಪ್ಪಲಿಲ್ಲ. ನನ್ನ ತಾಯಿ ಕಲಿತ ಮೊದಲ ಅಕ್ಷರ ಅಜ್ಜಿಯ ಆ ‘ಇಲ್ಲ’ದಿಂದ ಬಂದದ್ದು.