ನಿಂತ ಬಸ್ಸಿಗೆ ಖರ್ಚೆಷ್ಟು?

ಫೋನಲ್ಲಿ ಓಪನ್‌ಟಿಟಿಡಿ ಆಡೋರಿಗೆ ಈ ಕಿರಿಕಿರಿ ಗೊತ್ತೇ ಇರುತ್ತೆ. ಬಸ್ಸಿಗೆ 'ಫುಲ್ ಲೋಡ್' ಆರ್ಡರ್ ಕೊಟ್ಟಿರ್ತೀರಿ. ಸಣ್ಣ ಊರು, ಜನ ಬರಲ್ಲ. ಬಸ್ಸು ಸ್ಟಾಪಲ್ಲೇ ನಿಂತಿರುತ್ತೆ, ಆದ್ರೂ ಓಡುವಾಗ ಎಷ್ಟೋ ಅಷ್ಟೇ ಖರ್ಚು ಕಟ್ ಆಗ್ತಾ ಇರುತ್ತೆ. ಅದೇ ಬಸ್ಸನ್ನ ಡಿಪೋದಲ್ಲಿ ನಿಲ್ಲಿಸಿ ನೋಡಿ, ಖರ್ಚು ಸೊನ್ನೆ! 1994ರಲ್ಲಿ ಕ್ರಿಸ್ ಸಾಯರ್ ಮಾಡಿದ ಟ್ರಾನ್ಸ್‌ಪೋರ್ಟ್ ಟೈಕೂನ್ ವಂಶದ ಆಟ ಇದು. ಚೆಂದದ ಆಟ, ಆದ್ರೆ ಈ ಲೆಕ್ಕ ಎರಡೂ ಕಡೆ ತಪ್ಪು.

ಯಾಕೆ ಅಂತ ನಮ್ಮ ಬಿಕ್ಕೋಡು ಕಡೆ ನಿಂತು ಯೋಚನೆ ಮಾಡಿ. ಬೇಲೂರು ತಾಲ್ಲೂಕು, ಸುತ್ತ ಕಾಫಿ ತೋಟ, ದೂರ ದೂರ ಮನೆಗಳು. ಇಂಥ ಹಳ್ಳಿಗಳಿಗೆ ನೈಟ್ ಹಾಲ್ಟ್ ಬಸ್ ಅಂದ್ರೆ ಜೀವ. ಸಂಜೆ ಬಂದ ಬಸ್ಸು ಊರಲ್ಲೇ ಮಲಗುತ್ತೆ, ಬೆಳಗ್ಗೆ ಕಾಲೇಜು ಹುಡುಗರನ್ನ ಹತ್ತಿಸ್ಕೊಂಡು ಹೊರಡುತ್ತೆ. ರಾತ್ರಿಯೆಲ್ಲ ಇಂಜಿನ್ ಆಫ್. ಡೀಸೆಲ್ ಇಲ್ಲ, ಟೈರ್ ಸವೆಯಲ್ಲ. ಆದ್ರೆ ಡ್ರೈವರ್, ಕಂಡಕ್ಟರ್ ಸಂಬಳ, ಬಸ್ಸಿನ ಸಾಲ, ಇವೆಲ್ಲ ನಡೀತಾನೇ ಇರುತ್ತೆ. ಒಂದು ಖರ್ಚು ಚಕ್ರದ್ದು, ಇನ್ನೊಂದು ಕ್ಯಾಲೆಂಡರಿನದು.

ಲಾಕ್‌ಡೌನ್ ಟೈಮಲ್ಲಿ ಖಾಸಗಿ ಬಸ್ ಮಾಲೀಕರು ಮಾಡಿದ್ದು ನೆನಪಿದ್ಯಾ? ದಾಖಲೆ ಆರ್‌ಟಿಓಗೆ ಸರೆಂಡರ್ ಮಾಡಿ ಟ್ಯಾಕ್ಸ್ ಉಳಿಸ್ಕೊಂಡ್ರು. ಅದೇ ಆಟದ ಡಿಪೋ ಬಟನ್ ಅನ್ನಿ. ಬ್ಯಾಂಕಿನ ಬಡ್ಡಿಗೆ ಮಾತ್ರ ಅಂಥ ಬಟನ್ ಇರ್ಲಿಲ್ಲ.

ಹಾಗಾದ್ರೆ ಆಟದಲ್ಲಿ ಸರಿ ಮಾಡೋದು ಹೇಗೆ? ಖರ್ಚನ್ನ ಎರಡು ಭಾಗ ಮಾಡ್ಬೇಕು. ಉದಾಹರಣೆಗೆ ದಿನಕ್ಕೆ 1000 ಅಂತಿಟ್ಕೊಳ್ಳಿ: 500 ಕ್ಯಾಲೆಂಡರಿಗೆ, 500 ಓಡಿದ ದೂರಕ್ಕೆ. ಸ್ಟಾಪಲ್ಲಿ ನಿಂತ್ರೆ 500 ಮಾತ್ರ. ಡಿಪೋದಲ್ಲಿ ನಿಂತ್ರೆ ಇನ್ನೂ ಕಮ್ಮಿ ಮಾಡಿ, ಸೊನ್ನೆ ಬೇಡ. ಸಿಮುಟ್ರಾನ್ಸ್ ಮೊದಲಿಂದ ದೂರಕ್ಕೇ ಖರ್ಚು ಹಾಕೋ ಆಟ. ಅದರ ಎಕ್ಸ್‌ಟೆಂಡೆಡ್ ಆವೃತ್ತಿಯಲ್ಲಿ ತಿಂಗಳ ಸ್ಥಿರ ಖರ್ಚೂ ಇದೆ. ನನ್ನ ಪ್ರಕಾರ ಅದೇ ಸರಿ ದಾರಿ.

ಇದು ಬರೀ ಆಟದ ವಿಷಯ ಅನ್ಬೇಡಿ. ನಿಂತಿದ್ದಕ್ಕೆ ಪೂರ್ತಿ ಖರ್ಚು ಹಾಕಿದ್ರೆ ನೈಟ್ ಹಾಲ್ಟ್ ಬಸ್ಸು ಕೆಂಪು ಅಕ್ಷರದಲ್ಲಿ ನಷ್ಟ ತೋರ್ಸುತ್ತೆ. ನೀವು ಮಾರ್ಬಿಡ್ತೀರಿ. ಸರಿಯಾಗಿ ಹಾಕಿದ್ರೆ ಬೇರೆ ಪ್ರಶ್ನೆ ಏಳುತ್ತೆ: ರಾತ್ರಿ ಖಾಲಿ ಬಸ್ಸನ್ನ ಬೇಲೂರಿಗೆ ಓಡಿಸಿ, ಬೆಳಗ್ಗೆ ಮತ್ತೆ ಖಾಲಿ ತರೋ ಡೆಡ್ ಕಿಲೋಮೀಟರಿಗೆ ಎಷ್ಟು ಡೀಸೆಲ್ ಸುಡ್ತೀರಿ? ಆ ಖರ್ಚಿನ ಮುಂದೆ ಊರಲ್ಲಿ ಮಲಗಿದ ಬಸ್ಸೇ ಅಗ್ಗ.