ಬದುವಿನ ಬಾರಿ ಮತ್ತು ಅದರ ಬಳಗ

(ಅಗಡಿಯಲ್ಲಿ ನೀಡಿದ ದತ್ತಿ ಉಪನ್ಯಾಸ)



ಅಗಡಿಯಲ್ಲಿ ನಿಂತು ಕನ್ನಡದಲ್ಲಿ ಮಾತನಾಡುವವರು ಮೊದಲು ಒಂದು ಋಣವನ್ನು ನೆನೆಯಬೇಕು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ಊರಿನ ಆನಂದವನದಿಂದ 'ಸದ್ಬೋಧ ಚಂದ್ರಿಕೆ' ಮಾಸಪತ್ರಿಕೆ ಹೊರಟಿತು. ಶೇಷಾಚಲ ಸದ್ಗುರುಗಳ ಆಶ್ರಯದಲ್ಲಿ ಗಳಗನಾಥರು ಅದನ್ನು ನಡೆಸಿದರು. ಓದು ಬಲ್ಲವರೇ ವಿರಳವಾಗಿದ್ದ ಕಾಲದಲ್ಲಿ ಅವರು ತಮ್ಮ ಪುಸ್ತಕಗಳನ್ನು ಹೊತ್ತು ಊರೂರು ತಿರುಗಿ ಮಾರಿದರು. ಅಂಥ ಊರಿನಲ್ಲಿ ಸಸ್ಯಶಾಸ್ತ್ರವನ್ನು ಹೊಲದ ಮಾತಿನಲ್ಲಿಯೇ ಹೇಳಬೇಕೆಂದು ನಾನು ಬಯಸುತ್ತೇನೆ.

ಇಂದಿನ ನನ್ನ ವಿಷಯ ಬಾರಿಗಿಡ ಮತ್ತು ಅದರ ಬಳಗ. ದಕ್ಷಿಣದ ಜಿಲ್ಲೆಗಳವರು ಇದನ್ನೇ ಎಲಚಿ, ಬೋರೆ ಎನ್ನುತ್ತಾರೆ. ಹಿಂದೆ ಬದುವಿಗೊಂದರಂತೆ ನಿಲ್ಲುತ್ತಿದ್ದ ಗಿಡ ಇದು. ಇಂದು ಅದನ್ನು ಬರೀ ಮುಳ್ಳೆಂದು ಬೇರುಸಹಿತ ಕೀಳುತ್ತಿದ್ದೇವೆ. ಹೀಗೆ ಕಿತ್ತು ಹಾಕುವಾಗ ಕಳೆದುಕೊಳ್ಳುತ್ತಿರುವುದು ಏನು, ಅದನ್ನು ಮರಳಿ ಪಡೆಯುವುದು ಹೇಗೆ ಎಂಬುದೇ ಈ ಉಪನ್ಯಾಸದ ಸಾರ.

1. ಬಳಗ

ಸಸ್ಯಶಾಸ್ತ್ರಜ್ಞರು ಬಾರಿಯನ್ನು ರ‍್ಯಾಮ್ನೇಸಿ ಎಂಬ ಕುಟುಂಬಕ್ಕೆ ಸೇರಿಸುತ್ತಾರೆ. ಈ ಕುಟುಂಬವನ್ನು ಫ್ರಾನ್ಸಿನ ಜುಸ್ಯು 1789ರಲ್ಲಿ ಗುರುತಿಸಿದ. ನಮ್ಮ ಬಾರಿಗೆ ಜಿಜಿಫಸ್ ಮಾರಿಷಿಯಾನ ಎಂದು ಲಾಮಾರ್ಕ್ ಹೆಸರಿಟ್ಟದ್ದೂ ಅದೇ ವರ್ಷ. ಜಗತ್ತಿನಲ್ಲಿ ಈ ಕುಟುಂಬದ 50ಕ್ಕೂ ಹೆಚ್ಚು ಕುಲಗಳೂ 900ಕ್ಕೂ ಹೆಚ್ಚು ಪ್ರಭೇದಗಳೂ ಇವೆ. ಚೀನದವರು ಸಾವಿರಾರು ವರ್ಷಗಳಿಂದ ಬೆಳೆದು ಒಣಗಿಸಿ ತಿನ್ನುವ ಕೆಂಪು ಬಾರಿ ಇದರದ್ದೇ. ಯುರೋಪಿನಲ್ಲಿ ಭೇದಿಯ ಔಷಧಿಗೆ ಹೆಸರಾಗಿದ್ದ ರ‍್ಯಾಮ್ನಸ್ ಗಿಡದಿಂದಲೇ ಕುಟುಂಬಕ್ಕೆ ಹೆಸರು ಬಂದಿದೆ. ಅಮೆರಿಕದ ಸಿಯನೋಥಸ್ ಪೊದೆಗಳ ಬೇರಿನ ಗಂಟುಗಳಲ್ಲಿ ಫ್ರಾಂಕಿಯಾ ಎಂಬ ಸೂಕ್ಷ್ಮಜೀವಿ ನೆಲೆಸಿ ಗಾಳಿಯ ಸಾರಜನಕವನ್ನು ಹಿಡಿದುಕೊಡುತ್ತದೆ. ಕುಟುಂಬ ದೊಡ್ಡದು, ಆದರೆ ಒಂದೇ ಹೂವನ್ನು ಹತ್ತಿರದಿಂದ ನೋಡಿದರೂ ಅದರ ಗುರುತು ಹತ್ತುತ್ತದೆ.

2. ಒಂದು ಹೂ, ಒಂದು ಎಲೆ

ನವರಾತ್ರಿಯ ಆಸುಪಾಸಿನಲ್ಲಿ ಬಾರಿಯ ಟೊಂಗೆ ಬಗ್ಗಿಸಿ ನೋಡಿ. ಎಲೆಯ ಕಂಕುಳಲ್ಲಿ ಹಸಿರು ಮಿಶ್ರಿತ ಹಳದಿ ಹೂಗಳ ಸಣ್ಣ ಗೊಂಚಲು ಇರುತ್ತದೆ. ಒಂದೊಂದು ಹೂವಿನ ಅಗಲ ನಾಲ್ಕೈದು ಮಿಲಿಮೀಟರ್ ಅಷ್ಟೆ. ಮೊದಲು ಕಾಣುವುದು ಚಿಕ್ಕೆಯಂತೆ ಹರಡಿದ ಐದು ಪುಷ್ಪಪತ್ರಗಳು. ಅವುಗಳ ಸಂದಿನಲ್ಲಿ ಐದು ಸಣ್ಣ ದಳಗಳು. ಪ್ರತಿ ದಳದ ಎದುರಿಗೇ ಒಂದೊಂದು ಕೇಸರ ನಿಂತಿದೆ. ಮಳೆಯಲ್ಲಿ ಗೋಣಿಚೀಲದ ಕೊಪ್ಪೆ ಹಾಕಿಕೊಂಡ ರೈತನಂತೆ, ಮೊದಲಿಗೆ ಕೇಸರ ಆ ದಳದೊಳಗೆ ಅಡಗಿರುತ್ತದೆ.

ಇದರ ವಿಶೇಷ ತಿಳಿಯಬೇಕಾದರೆ ಬ್ಯಾಡಗಿ ಮೆಣಸಿನ ಹೂವನ್ನು ಪಕ್ಕದಲ್ಲಿಟ್ಟು ನೋಡಬೇಕು. ಅಲ್ಲಿ ಕೇಸರಗಳು ದಳದ ಎಸಳುಗಳ ನಡುವಿನ ಸಂದಿಗೆ ನೇರವಾಗಿ ನಿಲ್ಲುತ್ತವೆ. ಹೆಚ್ಚಿನ ಹೂಗಳಲ್ಲಿ ಕ್ರಮ ಅದೇ. ಬಾರಿ ಕುಟುಂಬದಲ್ಲಿ ಕೇಸರ ದಳದ ಎದುರು ನಿಲ್ಲುತ್ತದೆ. ಹೂವಿನ ನಡುವೆ ಜೇನು ಸೂಸುವ ದಪ್ಪ ಬಿಲ್ಲೆಯೊಂದಿದ್ದು, ಅಂಡಾಶಯ ಅದರಲ್ಲಿ ಹುದುಗಿರುತ್ತದೆ. ಈ ಎರಡು ಗುರುತು ಕಂಡರೆ, ಹೆಸರು ತಿಳಿಯದ ಗಿಡವನ್ನೂ ನಮ್ಮ ಮಕ್ಕಳು ಈ ಕುಟುಂಬದ್ದೆಂದು ಊಹಿಸಬಲ್ಲರು. ಹೂವಿನ ವಾಸನೆ ನಮಗೆ ಅಷ್ಟು ಹಿತವಲ್ಲ. ನೊಣ, ಕಣಜ, ಜೇನುಹುಳುಗಳು ಮಾತ್ರ ಆ ಬಿಲ್ಲೆಯ ಜೇನಿಗೆ ಮುತ್ತಿಕೊಳ್ಳುತ್ತವೆ. ಇರುವೆಗಳೂ ಬರುತ್ತವೆ.

ಇನ್ನು ಎಲೆ. ಬುಡದಿಂದಲೇ ಮೂರು ನರಗಳು ಎದ್ದು ತುದಿಯ ಕಡೆ ಸಾಗುತ್ತವೆ. ಮೇಲ್ಭಾಗ ಹೊಳೆಯುವ ಹಸಿರು. ಮಗುಚಿ ನೋಡಿದರೆ ಅಡಿಭಾಗದ ತುಂಬ ಬಿಳಿ ನವಿರು. ಬಿಸಿಗಾಳಿಗೆ ಎಲೆಯ ನೀರು ಆರಿಹೋಗದಂತೆ ಆ ನವಿರು ತಡೆಯುತ್ತದೆ. ಎಲೆಯ ಬುಡದಲ್ಲಿ ಎರಡು ಮುಳ್ಳು: ಒಂದು ನೆಟ್ಟಗೆ, ಇನ್ನೊಂದು ಹಿಂದಕ್ಕೆ ಬಾಗಿದ ಕೊಕ್ಕೆ. ನೆಟ್ಟನೆಯದು ಚುಚ್ಚುತ್ತದೆ, ಕೊಕ್ಕೆ ಹಿಡಿದಿಡುತ್ತದೆ. ಬಾರಿ ಕಂಟಿಯಲ್ಲಿ ಧೋತರದ ಸೆರಗು ಸಿಕ್ಕಿಸಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಡು ಬೇಸಿಗೆಯಲ್ಲಿ ಗಿಡ ಎಲೆ ಉದುರಿಸಿ ಬೋಳಾಗಿ ನಿಲ್ಲುತ್ತದೆ. ಮುಂಗಾರು ಬಿದ್ದೊಡನೆ ಚಿಗುರುತ್ತದೆ. ಬೇರು ಆಳಕ್ಕೆ ಇಳಿದಿರುವುದರಿಂದ ವರ್ಷಕ್ಕೆ 300ರಿಂದ 500 ಮಿಲಿಮೀಟರ್ ಮಳೆಯಾಗುವ ನೆಲದಲ್ಲಿಯೂ ಬಾರಿ ಕಾಯಿ ಬಿಡುತ್ತದೆ.

3. ನಮ್ಮ ಸುತ್ತಿನ ಬಂಧುಗಳು

ಹಾವೇರಿ ಜಿಲ್ಲೆಗೆ ಎರಡು ಮುಖ. ಹಾನಗಲ್ಲಿನ ಕಡೆ ಮಲೆನಾಡಿನ ಸೆರಗು, ರಾಣೆಬೆನ್ನೂರಿನ ಕಡೆ ಬಯಲು. ಎರಡಕ್ಕೂ ಈ ಕುಟುಂಬ ಹೊಂದಿಕೊಂಡಿದೆ. ಬಯಲಿನ ಹೊಲಗಳಲ್ಲಿ ಮರವಾಗಿ ಬೆಳೆಯುವ ಬಾರಿ ಒಂದು, ಮೊಣಕಾಲೆತ್ತರದಲ್ಲಿಯೇ ಹರಡುವ ಸಣ್ಣ ಬಾರಿ ಕಂಟಿ ಇನ್ನೊಂದು. ಈ ಎರಡನೆಯದರ ಎಲೆಯನ್ನು ರಾಜಸ್ಥಾನದವರು ಒಣಗಿಸಿ 'ಪಾಲಾ' ಎಂದು ಕೂಡಿಟ್ಟು ದನ, ಆಡು, ಒಂಟೆಗಳಿಗೆ ಮೇವು ಮಾಡುತ್ತಾರೆ. ಬೇಲಿಯ ಮೇಲೆ ಹಬ್ಬಿ ಕಪ್ಪಗೆ ಮಿರುಗುವ ಪುಟ್ಟ ಹಣ್ಣು ಬಿಡುವುದು ಪರಗಿ. ಅದರ ಹುಳಿ ಮಕ್ಕಳಿಗೆ ಬಲು ಇಷ್ಟ. ಮಲೆನಾಡಿನ ಕಾಡಿನಲ್ಲಿ ಬೇಸಿಗೆಗೆ ಬಿಳಿಯಾಗಿ ಮಾಗುವ ಮುಳ್ಳಹಣ್ಣೂ ಇದೇ ಕುಲದ್ದು. ಮರಗಳನ್ನು ಹತ್ತುವ ವೆಂಟಿಲಾಗೊ ಎಂಬ ಬಳ್ಳಿಯೂ ಈ ಕುಟುಂಬದ್ದೇ. ಅದರ ಬೇರಿನ ತೊಗಟೆಯಿಂದ ನೇಕಾರರ ನೂಲಿಗೆ ಕೆಂಪು ಬಣ್ಣ ತೆಗೆಯುತ್ತಿದ್ದರು.

ಕಂಟಿಕಾಡಿನ ಬೆಲೆ ತಿಳಿಯಲು ದೂರ ಹೋಗಬೇಕಿಲ್ಲ. 1974ರಲ್ಲಿ ಘೋಷಣೆಯಾದ ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯ 119 ಚದರ ಕಿಲೋಮೀಟರ್ ಹರಡಿದೆ. ನೀಲಗಿರಿ ನೆಡುತೋಪುಗಳ ನಡುವೆ ಉಳಿದಿರುವ ಮುಳ್ಳುಕಂಟಿಯ ನೆಲವೇ ಅಲ್ಲಿನ ಪ್ರಾಣಿಗಳಿಗೆ ಮರೆ. ಬಾರಿಹಣ್ಣನ್ನು ಕರಡಿ, ನರಿ, ಹಕ್ಕಿಗಳು ತಿಂದು ಬೀಜವನ್ನು ದೂರ ಒಯ್ದು ಹಾಕುತ್ತವೆ. ಹೀಗೆ ಬಾರಿಯನ್ನು ಬಿತ್ತುವವರು ಅವೇ.

4. ತಟ್ಟೆಯಲ್ಲಿ, ಹಬ್ಬದಲ್ಲಿ, ಕೆಲಸದಲ್ಲಿ

ಮನುಷ್ಯನಿಗೂ ಬಾರಿಗೂ ನಂಟು ಬಹಳ ಹಳೆಯದು. ಇಂದಿನ ಪಾಕಿಸ್ತಾನದಲ್ಲಿರುವ ಮೆಹರ್‌ಗಢದ ಪ್ರಾಚೀನ ಬೇಸಾಯದ ನೆಲೆಯಲ್ಲಿ ಬಾರಿ ಬೀಜಗಳು ಸಿಕ್ಕಿವೆ. ದಕ್ಷಿಣದ ನವಶಿಲಾಯುಗದ ನೆಲೆಗಳಲ್ಲಿಯೂ ಸುಟ್ಟು ಕರಿಯಾದ ಬೀಜಗಳು ದೊರೆತಿವೆ. ಅದೇ ಯುಗದ ಬೇಸಾಯಗಾರರು ನಮ್ಮ ಜಿಲ್ಲೆಯ ತುಂಗಭದ್ರೆಯ ದಂಡೆಯ ಹಳ್ಳೂರಿನಲ್ಲಿಯೂ ಬಾಳಿದ್ದರೆಂಬುದನ್ನು ಎಂ.ಎಸ್. ನಾಗರಾಜರಾವ್ ಅವರ ಉತ್ಖನನ ತೋರಿಸಿಕೊಟ್ಟಿತು. ಬೆಳಗಾವಿ ಜಿಲ್ಲೆಯ ಸುರೇಬಾನದ ಹತ್ತಿರದ ಶಬರಿಕೊಳ್ಳದಲ್ಲಿ, ಶಬರಿ ರಾಮನಿಗೆ ಬಾರಿಹಣ್ಣು ಕೊಟ್ಟದ್ದು ಇಲ್ಲಿಯೇ ಎಂದು ಜನ ಇಂದಿಗೂ ನಂಬುತ್ತಾರೆ.

ಸಂಕ್ರಮಣ ಬಂದರೆ ನಮ್ಮ ಮನೆಗಳಲ್ಲಿ ಕಬ್ಬು, ಗಜ್ಜರಿ, ಸುಲಗಾಯಿ, ಬಾರಿಹಣ್ಣು ಒಟ್ಟಿಗೆ ಕೂಡುತ್ತವೆ. ಸಣ್ಣ ಮಕ್ಕಳನ್ನು ಮಣೆಯ ಮೇಲೆ ಕೂರಿಸಿ ತಲೆಯ ಮೇಲಿಂದ ಹಣ್ಣು ಎರೆಯುತ್ತೇವೆ. ಆ ತಿಂಗಳು ಹೊಲದಲ್ಲಿ ಸಿಗುವುದನ್ನೇ ಹಬ್ಬ ಮಾಡಿಕೊಂಡ ಹಿರಿಯರ ಬುದ್ಧಿ ಇದು. ಶಾಲೆಯ ಬಾಗಿಲಲ್ಲಿ ಉಪ್ಪು, ಬ್ಯಾಡಗಿ ಖಾರ ಬೆರೆಸಿ ಕಾಗದದ ಪೊಟ್ಟಣದಲ್ಲಿ ಕೊಡುತ್ತಿದ್ದ ಬಾರಿಹಣ್ಣು ಎಷ್ಟೋ ಮಕ್ಕಳ ಪಾಲಿಗೆ ಚಳಿಗಾಲದ ಹಣ್ಣೇ ಆಗಿತ್ತು. ಸಿ ಜೀವಸತ್ವದಲ್ಲಿ ಅದು ಪೇಟೆಯ ಸೇಬಿಗಿಂತ ಎಷ್ಟೋ ಮುಂದಿದೆ.

ಕೆಲಸದಲ್ಲಿಯೂ ಬಾರಿ ಹಿಂದೆ ಬಿದ್ದದ್ದಲ್ಲ. ಕಟ್ಟಿಗೆ ಗಟ್ಟಿ, ಉರಿ ಜೋರು. ಕುರಿದಡ್ಡಿಗೂ ಕಣಕ್ಕೂ ಸುತ್ತ ಎಳೆದು ಹಾಕಿದ ಬಾರಿ ಕಂಟಿಯನ್ನು ದಾಟುವ ಧೈರ್ಯ ನಾಯಿ, ನರಿಗಳಿಗೆ ಸುಲಭವಾಗಿ ಬರುವುದಿಲ್ಲ. ಚನ್ನಪಟ್ಟಣದ ಬೊಂಬೆಗಳಿಗೆ ಹೊಳಪು ಕೊಡುವ ಅರಗನ್ನು ಒಂದು ಪುಟ್ಟ ಕೀಟ ಟೊಂಗೆಗಳ ಮೇಲೆ ಸ್ರವಿಸುತ್ತದೆ. ದೇಶದ ಅರಗಿನ ಕೃಷಿಗೆ ಮುಖ್ಯವಾದ ಮೂರು ಮರಗಳು ಮುತ್ತುಗ, ಸಾಗಡೆ ಮತ್ತು ಬಾರಿ.

5. ಬದು ಬೋಳಾದದ್ದು

ಇಷ್ಟೆಲ್ಲ ಕೊಡುವ ಗಿಡ ಕಣ್ಣೆದುರಿಗೇ ಮರೆಯಾಗುತ್ತಿದೆ. ಗೋವಿನಜೋಳ ಮತ್ತು ಹತ್ತಿ ಹಬ್ಬಿದಂತೆ ಹೊಲದ ಅಂಗುಲ ಅಂಗುಲಕ್ಕೂ ಬೆಲೆ ಬಂತು. ಟ್ರ್ಯಾಕ್ಟರ್ ತಿರುಗಲು ಬದು ಅಡ್ಡವೆನಿಸಿತು. ಜೆಸಿಬಿ ಅರ್ಧ ದಿನದಲ್ಲಿ ನಾಲ್ಕು ತಲೆಮಾರಿನ ಬಾರಿಗಿಡಗಳನ್ನು ಕಿತ್ತು ಹಾಕುತ್ತದೆ. ಮುಳ್ಳುಬೇಲಿಯ ಜಾಗದಲ್ಲಿ ತಂತಿ ಬಂತು. ಪಾಳುಬಿದ್ದ ನೆಲಕ್ಕೆ ಬಳ್ಳಾರಿ ಜಾಲಿ ನುಗ್ಗಿತು. ರೈತರನ್ನು ದೂರಲು ನಾನು ಈ ಮಾತು ಆಡುತ್ತಿಲ್ಲ. ಸಾಲ, ಆಳಿನ ಕೂಲಿ, ಮಾರುಕಟ್ಟೆ ಎಲ್ಲವೂ ಅವರನ್ನು ಆ ಕಡೆಗೇ ದೂಡಿವೆ. ಆದರೂ ಲೆಕ್ಕ ಹಾಕುವಾಗ ಬದು ಹಿಡಿದಿಟ್ಟ ಮಣ್ಣು, ಬರಗಾಲದ ಆಡಿನ ಮೇವು, ಜೇನಿನ ಹೂವು, ಮಕ್ಕಳ ಹಣ್ಣು, ಈ ಯಾವುದನ್ನೂ ನಾವು ಸೇರಿಸಲಿಲ್ಲ. ಅರ್ಧವೇ ಬರೆದ ಲೆಕ್ಕದಲ್ಲಿ ಬಾರಿ ನಷ್ಟವಾಗಿ ಕಂಡಿತು.

6. ಮಾಡಬಹುದಾದದ್ದು

ಜವಾರಿ ಬಾರಿ ಹಣ್ಣು ಸಣ್ಣದು, ಹುಳುಕು ಜಾಸ್ತಿ ಎಂಬ ದೂರು ನಿಜ. ಆದರೆ ಅದಕ್ಕೆ ಪರಿಹಾರವಿದೆ. ಹೊಲದಲ್ಲಿ ತಾನಾಗಿ ಹುಟ್ಟಿದ ಗಿಡದ ಬೇರು ನೆಲಕ್ಕೆ ಒಗ್ಗಿರುತ್ತದೆ. ಅದನ್ನು ಕಡಿಯದೆ, ಮಳೆಗಾಲದ ಚಿಗುರಿಗೆ ಉಮ್ರಾನ್, ಗೋಲಾದಂಥ ತಳಿಗಳ ಕಣ್ಣು ಕಸಿ ಮಾಡಿದರೆ ಕಾಡುಬೇರಿನ ಮೇಲೆ ದೊಡ್ಡ ಹಣ್ಣು ಬರುತ್ತದೆ. ಬಾರಿ ಹೊಸ ಚಿಗುರಿನಲ್ಲಿಯೇ ಕಾಯಿ ಬಿಡುವುದರಿಂದ ಪ್ರತಿ ಬೇಸಿಗೆಯಲ್ಲಿ, ಗಿಡ ಎಲೆ ಉದುರಿಸಿ ಮಲಗಿದಾಗ, ಟೊಂಗೆ ಸವರಬೇಕು. ಸವರಿದ ಕಂಟಿ ಬೇಲಿಗೂ ಆಗುತ್ತದೆ.

ಹುಳುಕಿಗೆ ಕಾರಣ ಹಣ್ಣುನೊಣ. ಅದು ಎಳೆಗಾಯಿಯ ಸಿಪ್ಪೆಯಡಿ ಮೊಟ್ಟೆಯಿಡುತ್ತದೆ. ಹುಳು ತಿರುಳು ತಿಂದು ಬೆಳೆದು ಮಣ್ಣಿಗಿಳಿದು ಕೋಶವಾಗುತ್ತದೆ. ಉದುರಿದ ಹಣ್ಣನ್ನು ದಿನವೂ ಆರಿಸಿ ನಾಶಮಾಡಿ, ಬೇಸಿಗೆಯಲ್ಲಿ ಗಿಡದ ಬುಡದ ಮಣ್ಣು ತಿರುವಿದರೆ ಕಾಟ ಬಹಳ ಇಳಿಯುತ್ತದೆ. ಕಸಿಯನ್ನು ಕಲಿಯುವ ಮನಸ್ಸಿದ್ದವರು ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ, ದೇವಿಹೊಸೂರಿನ ತೋಟಗಾರಿಕೆ ಕೇಂದ್ರದಲ್ಲಿ ವಿಚಾರಿಸಿ. ಎರಡೂ ನಮ್ಮ ಜಿಲ್ಲೆಯಲ್ಲಿಯೇ ಇವೆ.

ಇನ್ನೊಂದು ಕೆಲಸ ಪಂಚಾಯಿತಿಯದು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಊರಿನ ಗಿಡಮರಗಳನ್ನೂ ಅವುಗಳ ಬಗ್ಗೆ ಜನರಿಗಿರುವ ತಿಳಿವಳಿಕೆಯನ್ನೂ ದಾಖಲಿಸುವ ಹೊಣೆ ಸ್ಥಳೀಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೆ ಇದೆ. ಆ ದಾಖಲೆಯಲ್ಲಿ ಬಾರಿ, ಪರಗಿ ಎಂದು ಹೆಸರು ಬರೆದು ಬಿಟ್ಟರೆ ಸಾಲದು. ಯಾವ ಹೊಲದ ಯಾವ ಬದುವಿನಲ್ಲಿದೆ, ಯಾವ ಗಿಡದ ಹಣ್ಣು ಸಿಹಿ, ಯಾವುದು ತಡವಾಗಿ ಮಾಗುತ್ತದೆ ಎಂಬ ವಿವರ ಬೇಕು. ಅದನ್ನು ಬಲ್ಲವರು ಕುರಿಗಾಹಿಗಳು, ಹೊಲಕ್ಕೆ ಹೋಗುವ ಹೆಣ್ಣುಮಕ್ಕಳು, ಅಜ್ಜಿಯರು. ಅವರನ್ನು ಕೇಳಿ ಬರೆದುಕೊಳ್ಳುವ ಕೆಲಸವನ್ನು ಶಾಲೆಯ ಮಕ್ಕಳು ಚೆನ್ನಾಗಿ ಮಾಡಬಲ್ಲರು.

ಸಭಿಕರೆ, ನನ್ನ ಬೇಡಿಕೆ ದೊಡ್ಡದಲ್ಲ. ಇಡೀ ಹೊಲವನ್ನು ಬಾರಿಗೆ ಬಿಟ್ಟುಕೊಡಿ ಎನ್ನುವುದಿಲ್ಲ. ಬದುವಿಗೊಂದು ಗಿಡ ಉಳಿಸಿ. ಜೆಸಿಬಿ ಕರೆಸುವ ಮುಂಚೆ ಅದರ ಬುಡದಲ್ಲಿ ಒಮ್ಮೆ ನಿಂತು ನೋಡಿ. ಬರುವ ಮಳೆಗಾಲದಲ್ಲಿ ಅಗಡಿಯ ಪ್ರತಿ ಮನೆಯವರೂ ಒಂದೊಂದು ಬಾರಿಗೆ ಕಸಿ ಕಟ್ಟಿಸಿ, ಅದನ್ನು ಮನೆಯ ಒಂದು ಮಗುವಿನ ಜವಾಬ್ದಾರಿಗೆ ಒಪ್ಪಿಸಿ. ದತ್ತಿ ಇಟ್ಟವರ ಆಶಯ ನೆರವೇರುವುದು ಇಂಥ ಕೆಲಸದಿಂದ.