ಮಗು ಆಡಿದ ಮಾತು, ನಾವು ಎಣಿಸುವ ಬಗೆ



ಮಗುವಿನ ಭಾಷೆ ಎಷ್ಟು ಬೆಳೆದಿದೆ ಎಂದು ತಿಳಿಯಲು ವಾಕ್ ಚಿಕಿತ್ಸಕರಾದ ನಮ್ಮಲ್ಲಿ ಪರೀಕ್ಷೆಗಳಿವೆ. ಪ್ರತಿಭಾ ಕಾರಂತರು 1980ರಲ್ಲಿ ಕನ್ನಡಕ್ಕಾಗಿ ರೂಪಿಸಿದ ಲಿಂಗ್ವಿಸ್ಟಿಕ್ ಪ್ರೊಫೈಲ್ ಟೆಸ್ಟ್ ನಮಗೆಲ್ಲ ಗೊತ್ತಿರುವುದೇ. ಆದರೆ ಕೇಳಿದ್ದಕ್ಕೆ ಸರಿಯಾಗಿ ಉತ್ತರಿಸುವ ಮಗು ತಾನಾಗಿ ಮಾತು ಶುರುಮಾಡುತ್ತದೆಯೇ, ನಡೆದದ್ದನ್ನು ಕ್ರಮವಾಗಿ ಹೇಳುತ್ತದೆಯೇ, ಕೇಳುಗರಿಗೆ ಅರ್ಥವಾಗದಿದ್ದಾಗ ಬೇರೆ ಮಾತಿನಲ್ಲಿ ಹೇಳಿ ನೋಡುತ್ತದೆಯೇ? ಇವು ಸಂಭಾಷಣೆಯಲ್ಲೇ ಕಾಣಬೇಕು. ಅದಕ್ಕಾಗಿಯೇ ಐವತ್ತರಿಂದ ನೂರು ಉಕ್ತಿಗಳ ಮಾದರಿಯನ್ನು ಧ್ವನಿಮುದ್ರಿಸಿ, ಬರೆದಿಟ್ಟು ವಿಶ್ಲೇಷಿಸುತ್ತೇವೆ.

ಈ ವಿಧಾನಕ್ಕೆ ಗಟ್ಟಿ ಬುನಾದಿ ಹಾಕಿದವರು ಹಾರ್ವರ್ಡಿನ ರೋಜರ್ ಬ್ರೌನ್. ಆಡಮ್, ಈವ್, ಸಾರಾ ಎಂಬ ಮೂವರು ಮಕ್ಕಳ ಮಾತನ್ನು ಆಧರಿಸಿ ಅವರು 1973ರಲ್ಲಿ ಪ್ರಕಟಿಸಿದ ಗ್ರಂಥದಿಂದ ಎಂ.ಎಲ್.ಯು., ಅಂದರೆ ಉಕ್ತಿಯ ಸರಾಸರಿ ಉದ್ದ, ಜಗತ್ತಿನ ಕ್ಲಿನಿಕ್ಕುಗಳಿಗೆಲ್ಲ ಪರಿಚಯವಾಯಿತು. ಸರಾಸರಿ ನಾಲ್ಕು ದಾಟಿದ ಮೇಲೆ ಈ ಅಳತೆ ಅಷ್ಟು ನೆಚ್ಚತಕ್ಕದ್ದಲ್ಲ ಎಂಬುದನ್ನೂ ಅವರೇ ಹೇಳಿದ್ದರು. ಅವರ ಎಣಿಕೆಯ ನಿಯಮಗಳು ಇಂಗ್ಲಿಷಿಗೆ ಹೊಂದುವಂಥವು. ಅವನ್ನು ಹಾಗೇ ತಂದು ಕನ್ನಡದ ಮಗುವಿಗೆ ಹಚ್ಚಿದರೆ ಏನಾಗುತ್ತದೆ ಎಂಬುದೇ ಇಂದು ನನ್ನ ಮುಖ್ಯ ಮಾತು.

‘ಬಂದೆ’ ಎಂದರೆ ಒಂದೇ ಪದ; ಅದರಲ್ಲಿ ಧಾತು, ಕಾಲ, ಪುರುಷ ಮೂರೂ ಇವೆ. ಪದ ಎಣಿಸಿದರೆ ಮಗುವಿಗೆ ಅನ್ಯಾಯ, ಪ್ರತ್ಯಯ ಎಣಿಸಿದರೆ ಎಲ್ಲಿ ಒಡೆಯಬೇಕೆಂಬ ಜಗಳ. ‘ಮಾಡ್ಕೊಂಡ್ಬಿಟ್ಟ’ ಒಂದೋ ಮೂರೋ? ‘ಬೇಗ ಬೇಗ’, ‘ಊಟ ಗೀಟ’ಗಳನ್ನು ಏನು ಮಾಡೋಣ? ‘ಊರಿಗೆ ಹೋಗಿ ಮಾವಿನಕಾಯಿ ಕಿತ್ತು ಅಜ್ಜಿಗೆ ಕೊಟ್ವಿ’ ಎಂದು ಮಗು ಹೇಳಿದರೆ ಅದು ಒಂದೇ ವಾಕ್ಯ. ಇದನ್ನೇ ಇಂಗ್ಲಿಷಿನಲ್ಲಿ ‘ಅಂಡ್’ ಹಾಕಿ, ಪ್ರತಿ ಸಲವೂ ಕರ್ತೃಪದ ಸೇರಿಸಿ ಹೇಳಿದರೆ ಮೂರಾಗಿ ಕತ್ತರಿಸುವ ರೂಢಿಯಿದೆ. ನಮ್ಮ ಮಕ್ಕಳ ವಾಕ್ಯರಚನೆ ಪಕ್ವವಾಗುವುದು ‘ಹೋಗಿ’, ‘ಕಿತ್ತು’ಗಳಂಥ ಕೃದಂತಗಳಲ್ಲಿ, ‘ನಿನ್ನೆ ಬಂದ ಮಾಮ’ ಎಂಬಂಥ ವಿಶೇಷಣಗಳಲ್ಲಿ, ‘ಬರ್ತೀನಿ ಅಂತ ಹೇಳ್ದ’ ಎನ್ನುವಾಗಿನ ‘ಅಂತ’ದಲ್ಲಿ. ಉದ್ದವನ್ನಷ್ಟೇ ಅಳೆಯುವ ಸಂಖ್ಯೆ ಇವನ್ನು ನುಂಗಿಹಾಕುತ್ತದೆ.

ಮಾದರಿ ಸಂಗ್ರಹಿಸುವವರ ಮಾತೂ ಫಲಿತಾಂಶವನ್ನು ಬದಲಿಸುತ್ತದೆ. ‘ಇದೇನು?’, ‘ಊಟ ಆಯ್ತಾ?’ ಎಂದರೆ ಒಂದೇ ಪದದ ಉತ್ತರ ಬಂದು ಸರಾಸರಿ ಕುಸಿಯುತ್ತದೆ. ‘ಜಾತ್ರೇಲಿ ಏನೇನಾಯ್ತು?’ ಎಂದು ಕೇಳಿ ಸುಮ್ಮನೆ ಕಾಯಬೇಕು. ಬಾಯಿ ತಡೆಯದೆ ನಡುವೆ ನುಗ್ಗಬಾರದು. ಆಟದ ಮಾತು, ಕತೆ ಹೇಳುವ ಮಾತು, ಅಮ್ಮನ ಜೊತೆಗಿನ ಮಾತು ಒಂದೇ ಥರ ಇರುವುದಿಲ್ಲ. ಆದ್ದರಿಂದ ಯಾವ ಸಂದರ್ಭದ ಮಾದರಿ ಎಂಬುದು ವರದಿಯಲ್ಲಿ ಇರಲೇಬೇಕು. ಮಾದರಿಯಲ್ಲಿ ಒಂದು ರಚನೆ ಕಾಣಲಿಲ್ಲವೆಂದರೆ ಮಗುವಿಗೆ ಅದು ಬಾರದು ಎಂದಲ್ಲ, ಆ ಹೊತ್ತಿಗೆ ಬೇಕಾಗದೆಯೂ ಇದ್ದೀತು. ಆಗ ಪರೀಕ್ಷೆಯ ನೆರವು ಪಡೆಯಬೇಕು.

‘ಮನ್ಯಾಗ’ ಎನ್ನುವ ಧಾರವಾಡದ ಮಗುವಿಗೂ ‘ಮನೇಲಿ’ ಎನ್ನುವ ಮೈಸೂರಿನ ಮಗುವಿಗೂ ಸಪ್ತಮಿ ಬಂದಿದೆ. ಪಠ್ಯಪುಸ್ತಕದ ರೂಪವನ್ನು ಅಳತೆಗೋಲು ಮಾಡಿಕೊಂಡರೆ ಇಬ್ಬರೂ ತಪ್ಪಿತಸ್ಥರಾಗುತ್ತಾರೆ. ಮನೆಯಲ್ಲಿ ತುಳುವೋ ದಖ್ಖನಿಯೋ ಆಡಿ ಅಂಗನವಾಡಿಯಲ್ಲಿ ಕನ್ನಡ ಕಲಿಯುತ್ತಿರುವ ಮಗುವಿನಲ್ಲಿ ಎರಡೂ ಭಾಷೆಗಳ ಮಾತನ್ನು ಕೇಳದೆ ದೋಷವಿದೆ ಎಂದು ತೀರ್ಪು ಕೊಡಬಾರದು. ನಿಜವಾದ ಭಾಷಾದೋಷ ಎರಡರಲ್ಲೂ ತೋರುತ್ತದೆ.

ಕೆಲವು ನಿಮಿಷಗಳ ಧ್ವನಿಮುದ್ರಣವನ್ನು ಬರೆದಿಳಿಸಲು ಗಂಟೆಗಟ್ಟಲೆ ಬೇಕು. ಸರದಿಯಲ್ಲಿ ಕಾದು ಕುಳಿತ ಪೋಷಕರ ನಡುವೆ ಅದಕ್ಕೆ ಪುರುಸೊತ್ತೆಲ್ಲಿ ಎಂಬ ನಿಮ್ಮ ಪ್ರಶ್ನೆ ನ್ಯಾಯವಾದದ್ದೇ. ಆದರೆ ಒಬ್ಬೊಬ್ಬರೂ ತಮ್ಮದೇ ನಿಯಮದಲ್ಲಿ ಎಣಿಸುತ್ತಿರುವವರೆಗೆ ಆ ಶ್ರಮ ಒಂದು ಕಡತದೊಳಗೇ ಉಳಿಯುತ್ತದೆ. ಉಕ್ತಿಯನ್ನು ಎಲ್ಲಿ ಮುಗಿಸಬೇಕು, ಸಂಯುಕ್ತ ಕ್ರಿಯಾಪದವನ್ನು ಹೇಗೆ ಎಣಿಸಬೇಕು, ಉಪಭಾಷೆಯ ರೂಪಗಳನ್ನು ಹೇಗೆ ಬರೆಯಬೇಕು: ಈ ಮೂರಕ್ಕೆ ನಾವು ಒಪ್ಪಿದ ಒಂದು ಕೈಪಿಡಿ ಸಿದ್ಧವಾದರೆ, ಪೋಷಕರ ಒಪ್ಪಿಗೆಯೊಂದಿಗೆ, ಮಗುವಿನ ಗುರುತು ಅಳಿಸಿ, ಬೀದರಿನ ಮಾದರಿಯನ್ನು ಮಂಗಳೂರಿನದರ ಪಕ್ಕದಲ್ಲಿಟ್ಟು ನೋಡಬಹುದು. ಯಾವ ವಯಸ್ಸಿಗೆ ಎಷ್ಟು ಎಂಬ ಮಾನದಂಡದ ಮಾತು ಆಮೇಲಿನದು. ಆ ಕೈಪಿಡಿಯ ಕರಡನ್ನು ಈ ಗೋಷ್ಠಿಯಲ್ಲೇ ಆರಂಭಿಸೋಣ ಎಂಬುದು ನನ್ನ ಆಶಯ.